ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನ ಸಭೆ

ಅಮೆರಿಕದ ನಾರ್ತ್ ಡಕೋಟಾದ ಟ್ಯಾಮರಾಕ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಆಡಳಿತ ಮಂಡಳಿಯ ಸಾರ್ವಜನಿಕ ಸಭೆಯ ಅವಧಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಇದನ್ನು ನಿಗದಿಪಡಿಸಿದ್ದು ಯಾವ ಶಾಸನವೂ ಅಲ್ಲ, ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿರುವ ಒಂದು ಪೆಟ್ಟಿಗೆ.

ಸಭೆಯ ಚಿತ್ರವನ್ನು ಊರೂರಿನ ಪರದೆಗಳಿಗೆ ಹಂಚುವುದು ಈ ಪೆಟ್ಟಿಗೆಯ ಕೆಲಸ. ಸಿಕ್ಕಸಿಕ್ಕವರಿಗಲ್ಲ, 'ನನಗೆ ಬೇಕು' ಎಂದ ಪರದೆಗೆ ಮಾತ್ರ. ಎರಡು ನಿಮಿಷಕ್ಕೊಮ್ಮೆ ಯಾವುದಾದರೂ ಯಂತ್ರ 'ಇನ್ನೂ ಬೇಕೇ?' ಎಂದು ವಿಚಾರಿಸಬೇಕು, ಪರದೆ 'ಬೇಕು' ಎನ್ನಬೇಕು. ಹಾಗೆ ವಿಚಾರಿಸುತ್ತಿದ್ದ ಹಳೆಯ ಯಂತ್ರವನ್ನು ಕಳೆದ ವರ್ಷ ಗುಜರಿಗೆ ಹಾಕಿದರು. ಈಗ ಕೇಳುವವರಿಲ್ಲ, ಆದ್ದರಿಂದ ಹೇಳುವವರೂ ಇಲ್ಲ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಕಾದು, ಯಾರಿಗೂ ಬೇಡವೆಂದುಕೊಂಡು ಪೆಟ್ಟಿಗೆ ಚಿತ್ರವನ್ನು ನಿಲ್ಲಿಸಿಬಿಡುತ್ತದೆ.

ಕೌಂಟಿಯ ನೆಟ್‌ವರ್ಕ್ ನೋಡಿಕೊಳ್ಳುವ ಮಾರ್ಲಿಸ್ ಪೆಟ್ಟಿಗೆಯೊಳಗೆ ಒಂದೇ ಒಂದು ಸಾಲಿನ ಆಜ್ಞೆ ಬರೆದರೆ ಇದು ಸರಿಹೋಗುತ್ತಿತ್ತು. ಆದರೆ ಮಂಡಳಿಯ ಅಪ್ಪಣೆಯಿಲ್ಲದೆ ಪೆಟ್ಟಿಗೆ ಮುಟ್ಟುವಂತಿಲ್ಲ. ಈ ತಿಂಗಳ ಸಭೆಯಲ್ಲಿ ಅವಳೂರಿನ ಆಂಬುಲೆನ್ಸ್ ತೆಗೆದುಹಾಕುವ ಪ್ರಸ್ತಾವವಿತ್ತು. ಅವಳ ಅಪ್ಪ ಆರ್ವಿಡ್‌ನ ಹೃದಯ ಎರಡು ಸಲ ಕೈಕೊಟ್ಟಾಗ ಐವತ್ತು ಮೈಲಿ ದೂರದ ಆಸ್ಪತ್ರೆ ಮುಟ್ಟಿಸಿದ್ದು ಅದೇ ಗಾಡಿ. ಅವಳು ಎದ್ದುಬಿದ್ದು ಅಧ್ಯಕ್ಷ ಡ್ವೇನ್‌ನ ಬಳಿ ಓಡಿದಳು.

"ಯಾರು ಯಾರನ್ನ ಕೇಳ್ಬೇಕು ಅಂತೀಯಮ್ಮ?"

"ಯಂತ್ರ ಪರದೆಗಳನ್ನ ಕೇಳುತ್ತೆ, ಡ್ವೇನ್. ಬೇಕಾ ಅಂತ. ನೀವೇನೂ ಮಾಡೋದು ಬೇಡ."

"ಹಾಗೆ ಕೇಳ್ತಾ ಹೋದ್ರೆ ಬೇಕು ಅಂದುಬಿಡ್ತಾರಲ್ಲ."

"ಅದಕ್ಕೇ ಕೇಳೋದು."

"ಅದಕ್ಕೇ ನಾವು ಕೇಳ್ದೆ ಇರೋದು," ಎಂದ ಡ್ವೇನ್, ಮಗುವಿಗೆ ಹೇಳುವಷ್ಟು ಮೃದುವಾಗಿ.

ಆದರೂ ಮಂಡಳಿ ಜನಪರವಾದದ್ದು. ಮರುದಿನವೇ ನಿಯಮ ಹೊರಬಿತ್ತು: 'ಸಾರ್ವಜನಿಕರನ್ನು ಎರಡು ನಿಮಿಷಕ್ಕೊಮ್ಮೆ ವಿಚಾರಿಸತಕ್ಕದ್ದು. ವಿಚಾರಣೆಯನ್ನು ಗುಮಾಸ್ತೆಯು ಸಭಾಂಗಣದಲ್ಲಿಯೇ ಬಾಯಿಮಾತಿನಲ್ಲಿ ನಡೆಸತಕ್ಕದ್ದು. ಪ್ರಸಾರಕ್ಕೆ ಅಡಚಣೆಯಾಗದಂತೆ, ಪ್ರಸಾರ ನಿಂತ ತರುವಾಯ ನಡೆಸತಕ್ಕದ್ದು.'

ಸಭೆಯ ದಿನ ಊರಿನ ಸಮುದಾಯ ಭವನದಲ್ಲಿ ನಲವತ್ತು ಜನ ಪರದೆಯ ಮುಂದೆ ಕೂತರು. ಧ್ವಜವಂದನೆ ಆಯಿತು, ಹಿಂದಿನ ಸಭೆಯ ನಡಾವಳಿ ಓದಿದ್ದಾಯಿತು. ಡ್ವೇನ್ ಆಕಳಿಸಲು ಬಾಯಿ ತೆರೆದ, ತೆರೆದಂತೆಯೇ ನಿಂತುಹೋದ. ಮಾರ್ಲಿಸ್ ತಕ್ಷಣ ಕಚೇರಿಗೆ ಫೋನ್ ಮಾಡಿದಳು.

"ಸಭೆ ನಡೀತಿದೆ ಮಾರ್ಲಿಸ್, ಈಗ ಫೋನ್ ತಗೊಳ್ಳೋ ಹಾಗಿಲ್ಲ," ಎಂದು ಗುಮಾಸ್ತೆ ಫೋನ್ ತೆಗೆದುಕೊಂಡೇ ಹೇಳಿ ಇಟ್ಟಳು.

"ಈಗಿನ ಮೀಟಿಂಗೇ ವಾಸಿ ಕಣಮ್ಮ," ಎಂದ ಆರ್ವಿಡ್, ಕೋಟು ಹಾಕಿಕೊಳ್ಳುತ್ತಾ. "ಮುಂಚೆ ಕೂತು ಕೂತು ಸೊಂಟ ಬಿದ್ದುಹೋಗ್ತಿತ್ತು." ನಲವತ್ತು ಜನವೂ ಹೌದೆಂದರು.

ನಡಾವಳಿ ಮಾರನೆಯ ದಿನ ಬಂತು. 'ಮೂರು ಬಾರಿ ವಿಚಾರಿಸಲಾಗಿ, ಯಾರೂ ಉತ್ತರಿಸಿರುವುದಿಲ್ಲ. ಆದಕಾರಣ ಆಂಬುಲೆನ್ಸ್ ಯಾರಿಗೂ ಬೇಡವೆಂದು ತಿಳಿದು ನಿಲ್ಲಿಸಲಾಗಿದೆ. ಸದರಿ ವಾಹನವನ್ನು, ಹೆಪ್ಪುಗಟ್ಟಿದ ಕೆರೆಗೆ ಮೀನು ಹಿಡಿಯಲು ಹೋಗುವವರ ಅನುಕೂಲಕ್ಕಾಗಿ, ಅಧ್ಯಕ್ಷರ ಭಾವಮೈದುನರಿಗೆ ವಹಿಸಲಾಗಿದೆ.'

ಮಾರ್ಲಿಸ್ ಅದನ್ನು ಎರಡು ಸಲ ಓದಿದಳು. ಆಮೇಲೆ ಹೊರಗೆ ಹೋಗಿ, ಕಾರನ್ನು ಹಿಂದೆ ಮುಂದೆ ಮಾಡಿ ಆಸ್ಪತ್ರೆಗೆ ಹೋಗುವ ಹೆದ್ದಾರಿಯ ಕಡೆ ಮುಖಮಾಡಿ ನಿಲ್ಲಿಸಿದಳು. ವಾರ ಕಳೆಯುವಷ್ಟರಲ್ಲಿ ಊರಿನ ಕಾರುಗಳೆಲ್ಲ ಹಾಗೆಯೇ ನಿಂತಿದ್ದವು.