ನಮ್ಮ ಓಣಿಗೆ ನಂಬಿಕೆ ಕಲಿಸಿದ ಪ್ರಾಧ್ಯಾಪಕರಿಗೆ

ಸಮಾಜ ವಿಜ್ಞಾನದ ಪ್ರಾಧ್ಯಾಪಕರೂ, ನಮ್ಮನ್ನು ನಮಗಿಂತ ಮೊದಲೇ ಅರ್ಥಮಾಡಿಕೊಂಡ ಮಹನೀಯರೂ ಆದ ಡಾಕ್ಟರ್ ಅನೀಸ್ ಸೆಬ್ತಿಯವರಿಗೆ, ಮೆಕ್ನೆಸ್ ಊರಿನ ಹಳೇ ಪೇಟೆಯ ಕುಂಬಾರರ ಓಣಿಯಿಂದ ಯಾಮ್ನಾ ಮಾಡುವ ಸಲಾಮುಗಳು.

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಸಿದ್ಧಾಂತವೂ ಕ್ಷೇಮವೆಂದು ಭಾವಿಸಿದ್ದೇನೆ. ಸಿದ್ಧಾಂತವಂತೂ ಇಲ್ಲಿ ಮೈಕೈ ತುಂಬಿಕೊಂಡು ಬೆಳೆಯುತ್ತಿದೆ.

ತಾವು, ಮನೆಮನೆಯ ರೊಟ್ಟಿಯೂ ಬೇಯಲು ಬರುತ್ತಿದ್ದ ನಮ್ಮ ಓಣಿಯ ಒಲೆಯ ಮುಂದೆ ನಿಂತು, ನೆರೆಯವರನ್ನು ನಂಬುತ್ತೀರಾ ಎಂದು ಕೇಳಿದ್ದು ನೆನಪಿರಬಹುದು. ಪಕ್ಕದ ಮನೆಯ ಬತೂಲ್ ನನ್ನತ್ತ ಬೆರಳು ತೋರಿಸಿ, “ಇವಳನ್ನಾ? ಒಳ್ಳೇ ಬೆಲೆ ಬಂದ್ರೆ ನನ್ನ ಗಂಡನ್ನೇ ಮಾರಿಬರ್ತಾಳೆ!” ಎಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಾವೊಬ್ಬರೇ ಗಂಭೀರವಾಗಿ ಬರೆದುಕೊಂಡಿರಿ. ಹಳೇ ಪೇಟೆಗಳ ಜನರಲ್ಲಿ ಪರಸ್ಪರ ನಂಬಿಕೆ ಇಲ್ಲವೆಂದೂ, ಒಲೆಯಂಥ ಹಳೆಯ ಏರ್ಪಾಟುಗಳೇ ಅವರನ್ನು ಹಿಂದಕ್ಕೆ ಎಳೆಯುತ್ತಿವೆಯೆಂದೂ ಸಾರುವ ತಮ್ಮ ಪುಸ್ತಕ ಹೊರಬಂದಾಗಲೇ ನಮಗೆ ನಮ್ಮ ಕಾಯಿಲೆ ತಿಳಿದದ್ದು.

ಪುಸ್ತಕ ಓದಿದ ಅಧಿಕಾರಿಗಳು ತಡಮಾಡಲಿಲ್ಲ. ಒಲೆ ಕೆಡವಿ, ಅದೇ ಜಾಗದಲ್ಲಿ ‘ನಂಬಿಕೆ ಕೇಂದ್ರ’ ಕಟ್ಟಿದರು. ಮನೆಮನೆಗೂ ಗ್ಯಾಸಿನ ಒಲೆ ಹಂಚಿದರು. ಆ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ಮುದುಕ ಜಿಲಾಲಿ ಮಗನ ಊರಿಗೆ ಹೊರಟುಹೋದ. ಯಾವ ಮನೆಯ ರೊಟ್ಟಿ ತಟ್ಟೆ ಬಾರದಿದ್ದರೂ “ಇವತ್ತು ಬತೂಲಮ್ಮ ಬಂದಿಲ್ಲ, ಯಾರಾದ್ರೂ ಹೋಗಿ ನೋಡ್ರೇ!” ಎಂದು ಕೂಗಿ ಪರರ ಮನೆಯ ವಿಷಯದಲ್ಲಿ ತಲೆಹಾಕುವ ಕೆಟ್ಟ ಚಾಳಿ ಅವನಿಗಿತ್ತು. ಆ ಪೀಡೆಯೂ ತೊಲಗಿತೆಂದು ತಮಗೆ ಸಂತೋಷವಾದೀತು.

ಕೇಂದ್ರದ ಶಿಕ್ಷಕಿ ಬಹಳ ಒಳ್ಳೆಯ ಹುಡುಗಿ. ಕಣ್ಣುಮುಚ್ಚಿ ಹಿಂದಕ್ಕೆ ಬೀಳಬೇಕು, ನೆರೆಯವರು ಹಿಡಿಯಬೇಕು. ಅದರಿಂದ ನಂಬಿಕೆ ಬೆಳೆಯುತ್ತದಂತೆ. ಒಂದು ಮಂಗಳವಾರ ನಾವೆಲ್ಲ ಹೀಗೆ ಒಬ್ಬರ ತೋಳಿಗೊಬ್ಬರು ಬೀಳುತ್ತಿದ್ದಾಗ, ಬತೂಲ್ ತನ್ನ ಅಡುಗೆಮನೆಯಲ್ಲಿ ನಿಜವಾಗಿ ಬಿದ್ದಳು. ಗಂಡ ತೀರಿಹೋದ ಮೇಲೆ ಒಂಟಿಯಾಗಿದ್ದವಳನ್ನು ಹಿಡಿಯಲು ಯಾರೂ ಇರಲಿಲ್ಲ. ಮನೆಯಲ್ಲೇ ರೊಟ್ಟಿ ಸುಡುವವಳು ಹೊರಗೆ ಕಾಣದಿದ್ದರೆ ಯಾರಿಗೆ ಏನನಿಸಬೇಕು? ಮರುದಿನ ಅವಳ ಬೆಕ್ಕಿನ ಅರಚಾಟ ತಾಳಲಾರದೆ ನಾನೇ ಬಾಗಿಲು ಒಡೆಸಿದೆ. ಸೊಂಟ ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, “ನಿನ್ನ ಹೆಸರೇ ಕೂಗಿದೆ ಕಣೇ. ನೀನು ಕ್ಲಾಸಿಗೆ ಹೋಗಿದ್ದೆ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಮಗಳು ಅವಳನ್ನು ತಾನಿರುವ ತಾಂಜೀರ್ ಪಟ್ಟಣಕ್ಕೆ ಕರೆದೊಯ್ದಳು. ಈಗ ಅವಳ ಮನೆಗೆ ಬೀಗ.

ಕಳೆದ ತಿಂಗಳು ತಮ್ಮ ಶಿಷ್ಯರು ಬಂದು ಅದೇ ಪ್ರಶ್ನೆ ಕೇಳಿದರು. ಈ ಸಲ ಯಾರೂ ನಗಲಿಲ್ಲ. ನಂಬುವುದಿಲ್ಲವೆಂದು ಓಣಿಗೆ ಓಣಿಯೇ ಹೇಳಿತು. ಬರೆದಾಗ ಸುಳ್ಳಾಗಿದ್ದನ್ನು ಬರೆದ ಬಲದಿಂದಲೇ ನಿಜ ಮಾಡಿದ ತಮಗೆ ಪ್ರಶಸ್ತಿ ಬಂದಿತೆಂದು ಕೇಳಿದೆ; ಅಭಿನಂದನೆಗಳು.

ತಾವು ಬರೆದದ್ದೆಲ್ಲ ಆಗಿಯೇ ತೀರುವುದರಿಂದ ಒಂದು ಬಿನ್ನಹ: ಮುಂದಿನ ಪುಸ್ತಕದಲ್ಲಿ, ಮುರಿದ ಸೊಂಟ ಹಳೇ ಪೇಟೆಯ ಹೆಂಗಸರಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ ಎಂದೊಂದು ಸಾಲು ಸೇರಿಸಿಬಿಡಿ. ಅಡಿಟಿಪ್ಪಣಿಯಲ್ಲಾದರೂ ಸಾಕು.

ತಮ್ಮ ವಿಶ್ವಾಸಿ (ಈ ಮಾತನ್ನು ತಾವು ನಂಬಲಾರಿರಿ),
ಯಾಮ್ನಾ

ಮರೆತ ಮಾತು: ನಾವು ನಾಲ್ಕಾರು ಹೆಂಗಸರು ಮತ್ತೆ ಒಂದು ಕಡೆ ಸೇರತೊಡಗಿದ್ದೇವೆ. ಎಲ್ಲಿ, ಯಾಕೆ ಎಂದು ತಿಳಿಸುವುದಿಲ್ಲ. ಅಧ್ಯಯನಕ್ಕೆ ಬಂದರೆ ಪುದೀನಾ ಚಹಾ ಕೊಟ್ಟು, ಬಾಯಿ ತುಂಬ ಸುಳ್ಳು ಹೇಳಿ ಕಳಿಸುತ್ತೇವೆ.