ಮೋತಿಯ ಮಂಗಳವಾರಗಳು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ತೊಂಬತ್ತೆಂಟೋ ತೊಂಬತ್ತೊಂಬತ್ತೋ ಎಂಬುದಕ್ಕೂ ದಿನಚರಿ ತೆಗೆದು ನೋಡಬೇಕು. ನೋಡಿದರೆ ಆ ವರ್ಷದ ಪುಟಗಳ ತುಂಬ ನಮ್ಮ ನಾಯಿ ಮೋತಿಯ ಭೇದಿಯೇ. ಎಂ.ಎ. ಓದಿದವನೊಬ್ಬ ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಬಗ್ಗಿ ನೋಡಿ ‘ಗಟ್ಟಿ’, ‘ತೆಳು’, ‘ನೀರು’ ಎಂದು ಬರೆದುಕೊಳ್ಳುವುದನ್ನು ನಿಟ್ಟುವಳ್ಳಿಯ ಅಕ್ಕಪಕ್ಕದವರು ಕಾಂಪೌಂಡಿನ ಮೇಲಿಂದ ಗೌರವವಿಲ್ಲದೆ ನೋಡುತ್ತಿದ್ದರು.

ಬರೆಯಲು ಹೇಳಿದ್ದು ಕೆ.ಬಿ. ಬಡಾವಣೆಯ ಪಶುವೈದ್ಯರು. “ಕರುಳಿನ ಉರಿಯೂತ ಇದು. ಪೂರ್ತಿ ವಾಸಿ ಆಗಂಗಿಲ್ಲ, ಹತೋಟಿಯಾಗ ಇಡಬೋದು. ಮಾತ್ರೆ, ಪಥ್ಯ ಎರಡೂ ಸರಿಯಾಗಿ ನಡೆದ್ರೆ ಇನ್ನೂ ಸುಮಾರು ವರ್ಷ ಆರಾಮ ಇರ್ತಾನೆ. ತಪ್ಪಿದ್ರೆ ಕಷ್ಟ ಐತೆ” ಎಂದಿದ್ದರು. ಪಥ್ಯವೆಂದರೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ. ಹಾಲು, ಬೆಣ್ಣೆ, ಸಿಹಿ ಹತ್ತಿರ ಸುಳಿಯಬಾರದು.

ವಾರದಲ್ಲಿ ಆರು ದಿನ ಗಟ್ಟಿ, ಮಂಗಳವಾರ ನೀರು. ಮಾತ್ರೆ ಬದಲಾಯಿತು, ಅಕ್ಕಿ ಬದಲಾಯಿತು, ಮಂಗಳವಾರ ಬದಲಾಗಲಿಲ್ಲ. ಮೋತಿಯ ಪಕ್ಕೆಲುಬುಗಳು ಕಾಣತೊಡಗಿದವು. ಒಂದು ಮಂಗಳವಾರ ನಾನು ಡಾಕ್ಟರನ್ನು ಬೈಯುತ್ತಿದ್ದಾಗ ಅವ್ವ ಸಮಾಧಾನ ಹೇಳಲು ಬಂದಳು. ತಾನು ಹರಕೆ ಹೊತ್ತಿದ್ದಾಳಂತೆ. ಪ್ರತಿ ಸೋಮವಾರ ಹರಿಹರಕ್ಕೆ ಹೋಗಿ, ದೇವರ ಮುಂದಿಟ್ಟ ಒಂದು ಪೇಡೆ ತಂದು ಮೋತಿಗೆ ತಿನ್ನಿಸುತ್ತಾಳಂತೆ.

“ಅವ್ವಾ, ಸಿಹಿ ಕೊಡಬ್ಯಾಡ ಅಂದಿಲ್ಲೇನು ಡಾಕ್ಟ್ರು?”

“ಅದು ಸಿಹಿ ಅಲ್ಲಪ್ಪ, ಪ್ರಸಾದ. ಇನ್ನೂ ಕಡಿಮಿ ಆಗವಲ್ದು ಅಂತ ಬರೋ ವಾರದಿಂದ ಎರಡು ಮಾಡೀನಿ.”

ಒಂದು ಗಂಟೆ ವಾದಿಸಿ ಸೋತೆ. ಮುಂದಿನ ಸೋಮವಾರ “ತಾ, ನಾನೇ ತಿನ್ನಿಸ್ತೀನಿ” ಎಂದು ಪೇಡೆಗಳನ್ನು ಹಿತ್ತಲಿಗೆ ಒಯ್ದೆ. ಎಸೆದುಬಿಡಬಹುದಿತ್ತು. ಆದರೆ ಪ್ರಸಾದ ಎಸೆಯುವಷ್ಟು ಧೈರ್ಯವನ್ನು ವಿಶ್ವವಿದ್ಯಾಲಯ ನನಗೆ ಕಲಿಸಿರಲಿಲ್ಲ. ಮೋತಿ ಜೊಲ್ಲು ಸುರಿಸುತ್ತ ನೋಡುತ್ತಿದ್ದಂತೆ ಎರಡನ್ನೂ ನಾನೇ ನುಂಗಿದೆ. ಹಾಲಿನ ಸಿಹಿ ನನಗೂ ಆಗುವುದಿಲ್ಲ.

ತಿಂಗಳಲ್ಲಿ ಮೋತಿ ಮೈತುಂಬಿಕೊಂಡ. “ಎರಡು ಮಾಡಿದ್ದಕ್ಕೇ ನೋಡು” ಎಂದು ಅವ್ವ ಮೂರಕ್ಕೆ ಏರಿಸಿದಳು.

ಡಾಕ್ಟರು ಅವನನ್ನು ತಡವಿ ನೋಡಿ ಖುಷಿಯಾಗಿ, ದಿನಚರಿ ತಿರುವಿ ಹುಬ್ಬುಗಂಟಿಕ್ಕಿದರು.

“ಮಂಗಳವಾರ ಇನ್ನೂ ನೀರು ಅಂತ ಬರದೀರಲ್ರೀ?”

“ಅದು ನಂದು, ಸಾರ್. ರೂಢಿಯಾಗಿ ಬರೆದುಬಿಟ್ಟೀನಿ.”

ನಡೆದದ್ದನ್ನೆಲ್ಲ ಕೇಳಿ ಅವರು ನಗಲೂ ಇಲ್ಲ. “ಮಾತ್ರೆ ಅವನಿಗೆ ಮುಂದುವರಿಸ್ರಿ. ಪಥ್ಯ ಇಬ್ಬರೂ ಮಾಡ್ರಿ” ಎಂದರು.

ಮೋತಿ ಮಾಡಿದ.