ನಮ್ಮನ್ನು ಸುತ್ತದ ಚಂದ್ರ

ಯಾವುದನ್ನೂ ಸುಲಭಕ್ಕೆ ನಂಬದ ಚಟ ನನಗಿದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಅಂಟಿಕೊಂಡದ್ದು. ಓದಿದ್ದು ಮರೆತರೂ ಚಟ ಉಳಿದಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಗೋಕಾಕದಲ್ಲೇ ನಿವೃತ್ತನಾದೆ. ದೇವರು, ಹವಾಮಾನ ವರದಿ, ಬಸ್ಸಿನ ವೇಳೆ ಎಲ್ಲವನ್ನೂ ಸಂಶಯಿಸಿ ಮುಗಿಸಿದ ಮೇಲೆ ಈಚೆಗೆ ನನ್ನ ನೆನಪಿನ ಸರದಿ ಬಂದಿದೆ. ಕನ್ನಡಕ ಎಲ್ಲಿಟ್ಟೆ ಎಂಬಂಥ ಮರೆವಲ್ಲ. ನಡೆದದ್ದು ನನಗೆ ಚೆನ್ನಾಗಿ ನೆನಪಿರುತ್ತದೆ. ಅದು ನಡೆದೇ ಇರುವುದಿಲ್ಲ.

ಇದನ್ನು ಬಯಲಿಗೆಳೆದದ್ದು ಒಂದು ಕಲ್ಲು. ಭೂಮಿಯ ಸಮೀಪ ಸಂಚರಿಸುವ ಪುಟ್ಟ ಕ್ಷುದ್ರಗ್ರಹವೊಂದರ ಬಗ್ಗೆ ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಓಣಿಯಲ್ಲಿ ತಂದಿಟ್ಟರೆ ನಾಲ್ಕು ಮನೆಗಳ ಜಾಗ ಹಿಡಿದೀತು, ಅಷ್ಟೇ. ಭೂಮಿಯಿಂದ ನೋಡಿದರೆ ಇನ್ನೊಂದು ಚಂದ್ರನಂತೆ ನಮಗೇ ಸುತ್ತು ಹಾಕುವಂತೆ ಕಾಣುತ್ತದೆ. ಆದರೆ ಅದು ಸುತ್ತುವುದು ಸೂರ್ಯನನ್ನು. ಒಂದು ಸುತ್ತಿಗೆ ಅದಕ್ಕೂ ಒಂದು ವರ್ಷ, ನಮಗೂ ಒಂದು ವರ್ಷ. ಜೊತೆಜೊತೆಗೆ ಸಾಗುವಾಗ ಒಮ್ಮೆ ಮುಂದೆ ಹೋಗುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ. ನಾವು ನಮ್ಮನ್ನೇ ಸುತ್ತಿತು ಎಂದುಕೊಳ್ಳುತ್ತೇವೆ. ಮುಂದೆಂದೋ ತನ್ನ ಪಾಡಿಗೆ ದೂರ ಸರಿಯುತ್ತದಂತೆ.

ಇದನ್ನು ಹೆಂಡತಿ ಶಾಂತಾಳಿಗೆ ಓದಿ ಹೇಳಿದೆ. ಮೆಂತ್ಯದ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತದೆ, “ನಮ್ಮ ದಸ್ತಗೀರಣ್ಣಾರ ಹಂಗ ಅನ್ರಿ” ಎಂದಳು.

ದಸ್ತಗೀರ್ ಸಾಹೇಬರು ಹುಕ್ಕೇರಿಯವರು, ಹೊಲಿಗೆ ಯಂತ್ರ ರಿಪೇರಿ ಮಾಡುವವರು, ನನಗಿರುವ ಒಬ್ಬನೇ ಸ್ನೇಹಿತ. ತಿಂಗಳಿಗೊಮ್ಮೆ ತಪ್ಪದೆ ಬಂದು ತಾಸುಗಟ್ಟಲೆ ನನ್ನ ವಾದ ಕೇಳುತ್ತಾರೆ. ಗ್ರಹಣದ ಬಗ್ಗೆ ನಾನು ಮಾಡಿದ ಭಾಷಣ ಮೆಚ್ಚಿ, ಮನೆ ಹುಡುಕಿಕೊಂಡು ಬಂದವರು. ಹಾಗೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಈಗ ಶಾಂತಾಳಿಗೂ ಅದನ್ನೇ ನೆನಪಿಸಿದೆ.

“ಯಾವ ಭಾಷಣ್ರಿ? ಮೂಡಲಗಿಗೆ ಮಗಳ ಮನಿಗೆ ಹೊಂಟಿದ್ರು, ಬಸ್ಸು ನಮ್ಮನಿ ಮುಂದ ಕೆಟ್ಟು ನಿಂತಿತ್ತು. ನೀರು ಕೇಳಾಕ ಬಂದ್ರು. ನೀವು ಹಿಡದು ಕುಂದರಿಸಿದ್ರಿ.”

“ಮತ್ತ ಪ್ರತಿ ತಿಂಗಳಾ ಬರೂದು?”

“ಮೂಡಲಗಿಗೆ ಹೋಗುಮುಂದ ದಾರ್ಯಾಗ ಇಳೀತಾರ. ಮೊಮ್ಮಗಳು ಅಂದ್ರ ಜೀವಾ ಅವರಿಗೆ.”

ಸೂರ್ಯ ಮೂಡಲಗಿಯಲ್ಲಿದ್ದ. ಇಷ್ಟು ವರ್ಷ ನಾನು ಸುಮ್ಮನೆ ಬೀಗುತ್ತಿದ್ದೆ.

ಮುಂದಿನ ಸಲ ಬಂದಾಗ ಕೇಳಿಯೇಬಿಟ್ಟೆ: “ಖರೆ ಹೇಳ್ರಿ, ನೀವು ನನ್ನ ಸಲುವಾಗಿ ಬರ್ತೀರೋ, ದಾರ್ಯಾಗ ಐತಿ ಅಂತ ಬರ್ತೀರೋ?”

ಅವರು ಬಸಿಯಲ್ಲಿ ಚಹಾ ಆರಿಸುತ್ತ ನಕ್ಕರು. “ದಾರ್ಯಾಗ ಐತಿ ಅಂತನ ಬರ್ತೇನ್ರಿ ಮಾಸ್ತರ. ನಿಮ್ಮ ವಾದ ಕೇಳಾಕ ಟಿಕೀಟು ತಗಿಸಿ ಯಾರ ಬರ್ತಾರ?” ಅಡುಗೆಮನೆಯಲ್ಲಿ ಶಾಂತಾ ನಕ್ಕದ್ದು ಕೇಳಿಸಿತು. ಆಮೇಲೆ ಅವರೇ ಮೆಲ್ಲಗೆ, “ಮಗಳು, ಅಳಿಯಾ ಹುಕ್ಕೇರಿಗೇ ಬಂದು ಇರ್ತಾರಂತ. ಇನ್ನ ಈ ಕಡೆ ಬರೂದು ಕಮ್ಮಿ ಆಕ್ಕೈತಿ” ಎಂದರು.

ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ವಾದಕ್ಕೆ ಶಾಂತಾ ಆಗುವುದಿಲ್ಲ, ಅವಳು ಒಪ್ಪಿಬಿಡುತ್ತಾಳೆ. ಫೋನು ಮಾಡೋಣವೆಂದರೆ ಅಭಿಮಾನ ಅಡ್ಡ ಬಂತು. ಖಾಲಿ ಕುರ್ಚಿ ನೋಡುತ್ತ ಯೋಚಿಸುತ್ತಿದ್ದೆ: ನಾನು ಮಾತಾಡುವಾಗ ಅವರು ತಲೆದೂಗುತ್ತಿದ್ದರೋ, ತೂಕಡಿಸುತ್ತಿದ್ದರೋ? ಎರಡೂ ನೆನಪು ಅಷ್ಟೇ ಸ್ಪಷ್ಟವಾಗಿವೆ. ತೂಕಡಿಸಿದ್ದರೂ ಚಿಂತೆಯಿಲ್ಲ, ಇಲ್ಲೇ ಬಂದು ತೂಕಡಿಸಲಿ ಎನ್ನುವಷ್ಟು ಕೆಳಗಿಳಿದಿದ್ದೆ.

ಕಡೆಗೊಂದು ಬೆಳಿಗ್ಗೆ ಹುಕ್ಕೇರಿ ಬಸ್ಸು ಹತ್ತಿದೆ. ಧುಪದಾಳ ದಾಟಿದರೂ, ಯಾಕೆ ಬಂದೆ ಎಂದು ಹೇಳಬೇಕಾದ ಕಾರಣ ಹೊಳೆಯಲಿಲ್ಲ. ಹುಕ್ಕೇರಿಯಲ್ಲಿ ಬಾಗಿಲು ತೆರೆದ ದಸ್ತಗೀರ್ ಸಾಹೇಬರ ಸೊಂಟದ ಮೇಲೆ ಮೊಮ್ಮಗಳು ಕೂತಿದ್ದಳು.

“ಹಿಡಕಲ್ ಡ್ಯಾಂ ನೋಡಾಕ ಹೊಂಟಿದ್ದೆ,” ಎಂದೆ. “ನಿಮ್ಮನಿ ದಾರ್ಯಾಗ ಐತಲ್ಲ ಅಂತ ಇಳದೆ.”

ಅವರು ನನ್ನನ್ನೇ ನೋಡಿದರು. “ಗೋಕಾಕದಿಂದ ಹಿಡಕಲ್ಲಿಗೆ ಹೋಗಾಕ ಹುಕ್ಕೇರಿಗೆ ಯಾಕ ಬರಬೇಕ್ರಿ ಮಾಸ್ತರ? ಅದು ಹಿಂದನ ಉಳೀತಲ್ಲ!”

ದಾರಿ ನೆನಪಿರಲಿಲ್ಲ ಎಂದೆ. ನನ್ನ ಮರೆವಿನಿಂದ ನನಗೆ ಉಪಕಾರವಾಗಬಹುದಾಗಿದ್ದ ಗಳಿಗೆ ಅದೊಂದೇ. ಅವರು ಸ್ವಲ್ಪವೂ ನಂಬಲಿಲ್ಲ. ಬಾಗಿಲು ಪೂರ್ತಿ ತೆರೆದು, ಚಹಾ ಇಡಲು ಒಳಗೆ ಕೂಗಿದರು.